ಡ್ರಮ್ಮಿನ ಗುಂಯ್‌ಗುಡುವಿಕೆಗೆ ಏನು ಹಚ್ಚೋದು? ಟೇಪು, ರಿಂಗು, ಜೆಲ್, ದಿಂಬುಗಳ ಹೋಲಿಕೆ

ಮಂಡ್ಯದ ಒಂದು ಛತ್ರದಲ್ಲಿ ಆರತಕ್ಷತೆ. ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ತಲೆ ಮೇಲೆ ಬರೀ ಕಾಂಕ್ರೀಟು. ನಮ್ಮ ಆರ್ಕೆಸ್ಟ್ರಾದ ಮೊದಲ ಹಾಡು ಶುರುವಾಯಿತು. ಫ್ಲೋರ್ ಟಾಮ್‌ಗೆ, ಅಂದರೆ ಸೆಟ್ಟಿನಲ್ಲಿ ಕಾಲುಗಳ ಮೇಲೆ ನಿಲ್ಲುವ ದೊಡ್ಡ ಡ್ರಮ್ಮಿಗೆ, ಒಂದು ಪೆಟ್ಟು ಹಾಕಿದೆ. ಅದು ‘ಧಂ’ ಅಂದು ಸುಮ್ಮನಾಗಲಿಲ್ಲ. ‘ಧೊಂಯ್ಯ್’ ಅಂತ ಎಳೆಯುತ್ತಲೇ ಹೋಯಿತು. ಪಕ್ಕದಲ್ಲಿ ತಬಲಾ ನುಡಿಸುತ್ತಿದ್ದವರ ಡಗ್ಗಾ ಅದರೊಳಗೆ ಮುಳುಗಿಹೋಯಿತು. ಹಾಡುತ್ತಿದ್ದವರು ಎರಡು ಸಲ ತಿರುಗಿ ನೋಡಿದರು. ಬಿಡುವಿನಲ್ಲಿ ಗಾಬರಿಯಿಂದ ಒಂದು ಸ್ನಾನದ ಟವೆಲ್ ಮಡಿಸಿ ಡ್ರಮ್ ಮೇಲೆ ಹಾಸಿದೆ. ಗುಂಯ್ ಅನ್ನೋದೇನೋ ನಿಂತಿತು. ಅದರ ಜೊತೆಗೆ ಡ್ರಮ್ಮೂ ನಿಂತಿತು. ಉಳಿದ ಎರಡು ಗಂಟೆ ರಟ್ಟಿನ ಡಬ್ಬ ಬಡಿದ ಹಾಗೇ ಇತ್ತು.

ಆ ರಾತ್ರಿಯಿಂದ ಇದರ ಹಿಂದೆ ಬಿದ್ದಿದ್ದೇನೆ. ಛತ್ರ, ಗಣೇಶನ ಪೆಂಡಾಲು, ಊರಹಬ್ಬದ ಬಯಲು, ಚರ್ಚು, ಸಣ್ಣ ರೆಕಾರ್ಡಿಂಗ್ ರೂಮು, ಎಲ್ಲಾ ಕಡೆ ಒಂದೊಂದನ್ನು ಹಚ್ಚಿ ನೋಡಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಡ್ರಮ್ ಸೆಟ್ ವಾರಕ್ಕೊಂದು ಜಾಗಕ್ಕೆ ಹೋಗುತ್ತದೆ ಅಂದರೆ, ಬೇಕಾದಾಗ ಹಚ್ಚಿ ಬೇಡವಾದಾಗ ಕಿತ್ತುಬಿಡುವಂಥದ್ದನ್ನೇ ಆರಿಸಿ. ಸ್ನೇರ್‌ಗೆ (ಕೆಳಗೆ ತಂತಿಗಳಿರುವ ಡ್ರಮ್), ಟಾಮ್‌ಗಳಿಗೆ (ತಂತಿಯಿಲ್ಲದ ಡ್ರಮ್‌ಗಳು) ಜೆಲ್ ಅಥವಾ ಟಿಶ್ಯೂ-ಟೇಪು. ಕಿಕ್‌ಗೆ (ಕಾಲಿನ ಪೆಡಲ್‌ನಿಂದ ಬಾರಿಸುವ ಬೇಸ್ ಡ್ರಮ್) ಹೊರಗಿನಿಂದ ಕೂರಿಸುವ ಫೋಮು ಅಥವಾ ಒಂದು ಸಣ್ಣ ದಿಂಬು. ಒಂದೇ ಕಡೆ, ಒಂದೇ ಥರ ನುಡಿಸುವವರಿಗೆ ಮಾತ್ರ ಡ್ಯಾಂಪಿಂಗ್ (ಮೊಳಗು ತಗ್ಗಿಸುವ ಉಪಾಯ) ಒಳಗೇ ಸೇರಿರುವ ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿದ ಪೊರೆ) ಸರಿಹೋಗುತ್ತದೆ.

ಹಚ್ಚುವ ಮುಂಚೆ ಕೀ ಹಿಡಿಯಿರಿ

ಬಹಳಷ್ಟು ಸಲ ತೊಂದರೆ ಟ್ಯೂನಿಂಗ್‌ನಲ್ಲೇ ಇರುತ್ತದೆ. ಹೆಡ್ಡಿನ ನಡುವೆ ಒಂದು ಬೆರಳನ್ನು ಹಗುರವಾಗಿ ಇಡಿ. ಹೆಡ್ ಬಿಗಿಯುವ ತಿರುಪು ಕೂರುವ ಪ್ರತಿ ಲಗ್‌ನಿಂದ ಒಂದು ಇಂಚು ಒಳಗೆ ಕಡ್ಡಿಯ ತುದಿಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಎಲ್ಲಾ ಕಡೆ ಒಂದೇ ಸ್ವರ ಬರಬೇಕು. ಒಂದು ಕಡೆ ‘ಟಿಂ’, ಇನ್ನೊಂದು ಕಡೆ ‘ಟೊಂ’ ಅಂದರೆ ಆ ಎರಡೂ ಒಂದಕ್ಕೊಂದು ಗುದ್ದಾಡಿ ‘ವೊಂಯ್ ವೊಂಯ್’ ಅಂತ ಅಲೆ ಏಳುತ್ತದೆ. ಅದರ ಮೇಲೆ ಟೇಪು ಹಚ್ಚಿದರೆ ಅಲೆ ಸಣ್ಣದಾಗುತ್ತದೆ, ಹೋಗುವುದಿಲ್ಲ. ಆ ತಿರುಪುಗಳ ಕೀಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಎದುರುಬದುರು ಲಗ್‌ಗಳನ್ನು ಜೋಡಿಯಾಗಿ ಸರಿಮಾಡಿ.

ಆಮೇಲೆ ಕೆಳಗಿನ ಹೆಡ್. ಇದನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ, ಕೊಂಡಾಗ ಹೇಗಿತ್ತೋ ಹಾಗೇ ಬಿಟ್ಟಿರುತ್ತಾರೆ. ಮೇಲಿನದೂ ಕೆಳಗಿನದೂ ಒಂದೇ ಸ್ವರದಲ್ಲಿದ್ದರೆ ಟಾಮ್ ಅತಿ ಹೆಚ್ಚು ಹೊತ್ತು ಮೊಳಗುತ್ತದೆ. ಕೆಳಗಿನದನ್ನು ಸ್ವಲ್ಪ ಬಿಗಿ ಮಾಡಿ ಸ್ವರ ಏರಿಸಿ ನೋಡಿ. ಮೊಳಗು ತಾನಾಗಿಯೇ ಗಿಡ್ಡವಾಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಡ್ಯಾಂಪಿಂಗ್ ಇದು. ನನ್ನ ಫ್ಲೋರ್ ಟಾಮ್‌ನ ಕಾಟ ಮುಕ್ಕಾಲು ಭಾಗ ಕಡಿಮೆಯಾದದ್ದು ಹೀಗೇ.

ಹೆಡ್ ಹಳತಾಗಿ ನಡುವೆ ತಗ್ಗು ಬಿದ್ದಿದ್ದರೆ ಯಾವ ಜೆಲ್ಲೂ ಉಳಿಸಲಾರದು. ಹೊಸದು ಹಾಕಿ. ಹೊಸದು ಹಾಕಿದರೂ ಸ್ವರ ನಿಲ್ಲುತ್ತಿಲ್ಲ ಅಂದರೆ ಡ್ರಮ್ಮಿನ ಮರದ ಅಂಚನ್ನು ಪರೀಕ್ಷಿಸಿ. ಎರಡೂ ಹೆಡ್ ಬಿಚ್ಚಿ ಡ್ರಮ್ಮನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಮಗುಚಿಡಿ. ದೀಪ ಆರಿಸಿ ಒಳಗೆ ಒಂದು ಟಾರ್ಚ್ ಇಡಿ. ಅಂಚಿನ ಕೆಳಗಿಂದ ಎಲ್ಲಾದರೂ ಬೆಳಕು ಸೋರಿದರೆ ಅಲ್ಲಿ ಅಂಚು ಸವೆದಿದೆ ಅಂತ ಅರ್ಥ. ಅದು ಬಡಗಿಯಷ್ಟೇ ನುರಿತ ಕೈಯ ಕೆಲಸ, ಟೇಪಿನದಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಟಾಮ್ ಬಾರಿಸಿದಾಗ ಸ್ನೇರ್‌ನ ಕೆಳಗಿನ ತಂತಿಗಳು ‘ಝರ್ರ್’ ಅನ್ನುತ್ತವಲ್ಲ, ಅದಕ್ಕೆ ಸ್ನೇರ್ ಮೇಲೆ ಜೆಲ್ ಹಚ್ಚುವವರಿದ್ದಾರೆ. ಅದರಿಂದ ಹೆಚ್ಚೇನೂ ಆಗುವುದಿಲ್ಲ. ಟಾಮ್‌ನ ಸ್ವರವೂ ಸ್ನೇರ್‌ನ ಸ್ವರವೂ ಹತ್ತಿರ ಇರುವುದರಿಂದ ಅದು ನಡುಗುತ್ತದೆ. ಎರಡರಲ್ಲಿ ಒಂದರ ಸ್ವರವನ್ನು ಸ್ವಲ್ಪ ಆಚೀಚೆ ಮಾಡಿ.

ರವೆ ಮೆತ್ತುವವರಿಂದ ಕಲಿಯುವುದು

ದುಂಡಗಿನ ಪೊರೆಯನ್ನು ಬಾರಿಸಿದರೆ ಒಂದೇ ಸ್ವರ ಬರುವುದಿಲ್ಲ. ಮೂಲ ಸ್ವರ 100 ಹರ್ಟ್ಸ್ ಅಂತ ಇಟ್ಟುಕೊಳ್ಳಿ. ತಂತಿಯಲ್ಲಾದರೆ ಅದರ ಮೇಲೆ 200, 300, 400 ಅಂತ ಒಪ್ಪವಾಗಿ ಏರುತ್ತವೆ. ಕಿವಿಗೆ ಎಲ್ಲವೂ ಸೇರಿ ಒಂದೇ ಸ್ವರ ಅನ್ನಿಸುತ್ತದೆ. ಬರಿಯ ಪೊರೆಯಲ್ಲಿ ಲೆಕ್ಕದ ಪ್ರಕಾರ ಸುಮಾರು 159, 214, 230, 265 ಹೀಗೆ ಬರುತ್ತವೆ. ಒಂದಕ್ಕೊಂದು ಹೊಂದುವುದಿಲ್ಲ. ನಮ್ಮನ್ನು ಕಾಡುವ ‘ಟೊಂಯ್’ ಇದೇ. ಮೂಲ ಸ್ವರ ಬೇಗ ಗಾಳಿಗೆ ಹಾರಿಹೋಗುತ್ತದೆ, ಈ ಹೊಂದದ ಮೇಲುಸ್ವರಗಳು ಹಿಂದೆ ಉಳಿದು ಎಳೆಯುತ್ತವೆ.

ಮೃದಂಗ, ತಬಲಾ ಮಾಡುವವರು ಇದನ್ನು ಎಂದೋ ಬಿಡಿಸಿದ್ದಾರೆ. ನಡುವೆ ಕರಣೆ (ಕಪ್ಪು ಮೆತ್ತುಗೆ) ಹಾಕಿ ಅಲ್ಲಿ ತೂಕ ಹೆಚ್ಚಿಸಿದರು. ಆಗ ಮೇಲುಸ್ವರಗಳು ತಂತಿಯ ಹಾಗೆ ಸಾಲಾಗಿ ನಿಲ್ಲುತ್ತವೆ. 1920ರಲ್ಲಿ ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಈ ವಿಷಯವನ್ನೇ. ನಮ್ಮ ವಾದ್ಯ ಮಾಡುವವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವ. ವಿಜ್ಞಾನಿಗಳು ಲೆಕ್ಕ ಹಾಕುವ ಎಷ್ಟೋ ಮೊದಲೇ ಕಿವಿಯಿಂದಲೇ ಅಲ್ಲಿಗೆ ತಲುಪಿದ್ದರು.

ಮೃದಂಗದ ಎಡ ಮುಚ್ಚಿಗೆಯನ್ನೂ ನೋಡಿ. ಕಚೇರಿಗೆ ಮುಂಚೆ ರವೆಯನ್ನು ನೀರಲ್ಲಿ ಕಲಸಿ ನಡುವೆ ಮೆತ್ತುತ್ತಾರೆ. ಸ್ವರ ಇಳಿದು ‘ಘುಂ’ ಬರುತ್ತದೆ. ಸಾಲದಿದ್ದರೆ ಇನ್ನೊಂದು ಚಿಟಿಕೆ, ಜಾಸ್ತಿಯಾದರೆ ಒಂದು ಚೂರು ಕಿತ್ತು ತೆಗೆಯುತ್ತಾರೆ. ಮುಗಿದ ಮೇಲೆ ಎಲ್ಲವನ್ನೂ ಕೆರೆದು ಒರೆಸುತ್ತಾರೆ. ಡ್ರಮ್ ಸೆಟ್‌ಗೆ ಏನಾದರೂ ಹಚ್ಚುವಾಗ ನನ್ನ ಕಣ್ಣ ಮುಂದೆ ಬರುವುದು ಇದೇ. ಅವತ್ತಿಗೆ ಬೇಕಾದಷ್ಟು, ಅವತ್ತಿನ ಮಟ್ಟಿಗೆ.

ಒಂದು ವ್ಯತ್ಯಾಸ ನೆನಪಿರಲಿ. ರವೆ ನಡುವೆ ಕೂರುತ್ತದೆ, ಮೂಲ ಸ್ವರವನ್ನೇ ಬದಲಿಸುತ್ತದೆ. ನಮಗೆ ಬೇಕಿರುವುದು ಮೂಲ ಸ್ವರ ಉಳಿದು ಮೇಲುಸ್ವರ ಕಡಿಮೆಯಾಗುವುದು. ಮೂಲ ಸ್ವರದಲ್ಲಿ ಪೊರೆ ಹೆಚ್ಚು ಅಲುಗುವುದು ನಡುವೆ. ಮೇಲುಸ್ವರಗಳಲ್ಲಿ ಅಂಚಿನ ಕಡೆಗೂ ಜೋರಾಗಿ ಅಲುಗುತ್ತದೆ. ಹಾಗಾಗಿ ಹಚ್ಚುವುದು ಅಂಚಿನ ಹತ್ತಿರ. ನಡುವಿನ ಕಡೆಗೆ ಸರಿಸಿದಷ್ಟೂ ಡ್ರಮ್ಮಿನ ಜೀವಕ್ಕೇ ಕೈ ಹಾಕಿದ ಹಾಗೆ. ನನ್ನ ಟವೆಲ್ ಮಾಡಿದ್ದು ಅದನ್ನೇ.

ಚರ್ಮದ ವಾದ್ಯಕ್ಕೆ ಇಷ್ಟೆಲ್ಲಾ ತಲೆನೋವಿಲ್ಲ. ನಮ್ಮ ಮಂಡ್ಯದ ಕಡೆ ತಮಟೆಯವರು ಬೆಂಕಿ ಹಾಕಿ ಕಾಯಿಸಿ ಬಿಗಿ ಮಾಡಿಕೊಳ್ಳುತ್ತಾರೆ, ಯಾವತ್ತೂ ಬಟ್ಟೆ ಹೊದಿಸುವುದಿಲ್ಲ. ದಪ್ಪ ಚರ್ಮದ ಮೊಳಗು ತಾನೇ ಬೇಗ ಅಡಗುತ್ತದೆ. 1950ರ ದಶಕದ ಕೊನೆಯಲ್ಲಿ ಮೈಲಾರ್ ಪ್ಲಾಸ್ಟಿಕ್ ಹೆಡ್‌ಗಳು ಬಂದವು. ಮಳೆ, ಚಳಿಗೆ ಜಗ್ಗದ ಹೆಡ್ ಸಿಕ್ಕಿತು. ಜೊತೆಗೆ ಈ ಜಾಸ್ತಿ ಮೊಳಗೂ ಬಂತು.

ಟಿಶ್ಯೂ ಮತ್ತು ಟೇಪು

ಅಗ್ಗದ್ದು, ಎಲ್ಲಾ ಕಡೆ ಸಿಗುವಂಥದ್ದು. ಟಿಶ್ಯೂವನ್ನು ಬೆಂಕಿಪೊಟ್ಟಣದಷ್ಟು ಮಡಿಸಿ, ಅಂಚಿನಿಂದ ಒಂದೆರಡು ಇಂಚಿನೊಳಗೆ ಇಟ್ಟು ಟೇಪು ಹಚ್ಚಿದರೆ ಆಯಿತು. ಆದರೆ ಇದರಲ್ಲಿ ಎರಡು ವಿಧಾನ ಇದೆ, ಎರಡರ ಫಲವೂ ಬೇರೆ ಬೇರೆ.

ನಾಲ್ಕೂ ಕಡೆ ಟೇಪು ಹಚ್ಚಿದರೆ ಆ ಗುಪ್ಪೆ ಹೆಡ್ಡಿಗೆ ಅಂಟಿಕೊಂಡೇ ಇರುತ್ತದೆ. ಪೆಟ್ಟು ಬಿದ್ದ ಕ್ಷಣದಿಂದಲೇ ಒತ್ತುತ್ತದೆ. ರಿಮ್ (ಹೆಡ್ಡನ್ನು ಹಿಡಿದಿಡುವ ಸುತ್ತುಪಟ್ಟಿ) ಕಡೆಯ ಒಂದೇ ಅಂಚಿಗೆ ಹಚ್ಚಿದರೆ ಅದು ಬಾಗಿಲಿನ ಹಾಗೆ ಆಡುತ್ತದೆ. ಪೆಟ್ಟು ಬಿದ್ದಾಗ ಗುಪ್ಪೆ ಮೇಲೆ ನೆಗೆಯುತ್ತದೆ, ಡ್ರಮ್ ಪೂರ್ತಿ ಬಾಯಿಬಿಟ್ಟು ಮಾತಾಡುತ್ತದೆ. ಮರುಕ್ಷಣ ಗುಪ್ಪೆ ಹೆಡ್ ಮೇಲೆ ಬಿದ್ದು ಬಾಲವನ್ನು ಒತ್ತಿಹಿಡಿಯುತ್ತದೆ. ಕೆಲವು ಡ್ರಮ್ಮರ್‌ಗಳು ಸ್ನೇರ್ ಅಂಚಿಗೆ ಪರ್ಸ್ ಇಡುವುದೂ ಇದೇ ಕಾರಣಕ್ಕೆ. ನಾನು ನೋಡಿದ ಎಲ್ಲಾ ಉಪಾಯಗಳಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಈ ಬಾಗಿಲು. ಪೆಟ್ಟಿನ ಮೊನೆ ಒಂಚೂರೂ ಕಳೆಯುವುದಿಲ್ಲ. ಮೆಲ್ಲಗೆ ನುಡಿಸಿದಾಗ ಮಾತ್ರ ಗುಪ್ಪೆ ನೆಗೆಯುವುದಿಲ್ಲ, ಆಗ ಅದು ಸಾಮಾನ್ಯ ಟೇಪಿನ ಹಾಗೇ ಒತ್ತುತ್ತದೆ. ಮೆಲು ಹಾಡುಗಳೇ ಹೆಚ್ಚಿರುವ ದಿನ ಅದನ್ನು ಗಮನದಲ್ಲಿಡಿ.

ಟೇಪು ಯಾವುದು ಅನ್ನೋದು ಮುಖ್ಯ. ಬಟ್ಟೆಯ ಗಾಫರ್ ಟೇಪು ಬಳಸಿ. ರಟ್ಟಿನ ಪೆಟ್ಟಿಗೆಗೆ ಅಂಟಿಸುವ ಕಂದು ಟೇಪು ಬೇಡ. ಸ್ಟೇಜ್ ದೀಪದ ಬಿಸಿಗೆ ಅದರ ಗೋಂದು ಕರಗಿ ಹೆಡ್ಡಿನ ಮೇಲೆ ಉಳಿಯುತ್ತದೆ, ಮೇಲೆ ಧೂಳು ಕೂರುತ್ತದೆ. ಗಾಜಿನಂಥ ನುಣುಪು ಹೆಡ್ ಆದರೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಹೋಗುತ್ತದೆ. ಬಿಳಿ ಲೇಪನದ ಹೆಡ್ಡಿಗೆ ಎಣ್ಣೆ ಮುಟ್ಟಿಸಬೇಡಿ.

ರಿಂಗು

ಹಳೆಯ ಹೆಡ್ ಎಸೆಯಬೇಡಿ. ಅದರಿಂದ ಒಂದು ಇಂಚು ಅಗಲದ ಬಳೆಯನ್ನು ಕತ್ತರಿಸಿ ಅದೇ ಅಳತೆಯ ಡ್ರಮ್ ಮೇಲಿಟ್ಟರೆ ಅಂಗಡಿಯ ರಿಂಗ್ ಮಾಡುವ ಕೆಲಸವನ್ನೇ ಮಾಡುತ್ತದೆ. 14 ಇಂಚಿನ ಸ್ನೇರ್ ಹೆಡ್ಡಿನಿಂದ ಕತ್ತರಿಸಿದ ಬಳೆ ಇನ್ನೊಂದು 14 ಇಂಚಿನ ಸ್ನೇರ್ ಒಳಗೆ ಸರಿಯಾಗಿ ಕೂರುವಂತೆ, ರಿಮ್ ಮುಟ್ಟದ ಹಾಗೆ ಹೊರ ಅಂಚನ್ನು ಸ್ವಲ್ಪ ಟ್ರಿಮ್ ಮಾಡಿಕೊಳ್ಳಿ.

ರಿಂಗು ಅಂಚಿನ ಸುತ್ತಲೂ ಒತ್ತುವುದರಿಂದ ಜೆಲ್‌ಗಿಂತ ತುಂಬಾ ಜೋರಾಗಿ ಕೆಲಸ ಮಾಡುತ್ತದೆ. ಸ್ನೇರ್ ಒಣಗಿದ, ದಪ್ಪ ದನಿ ಕೊಡುತ್ತದೆ. ‘ಟಾಕ್’ ಇದ್ದದ್ದು ‘ಟಪ್’ ಆಗುತ್ತದೆ. ಹಳೆಯ ಸಿನಿಮಾ ಹಾಡುಗಳನ್ನು ನುಡಿಸುವ ಆರ್ಕೆಸ್ಟ್ರಾಗೆ ಇದು ಸೊಗಸಾಗಿ ಒಪ್ಪುತ್ತದೆ. ಹತ್ತು ಸೆಕೆಂಡಿನಲ್ಲಿ ಇಡಬಹುದು, ತೆಗೆಯಬಹುದು. ಆದರೆ ಇದರಲ್ಲಿ ಅರ್ಧ ಅನ್ನೋದಿಲ್ಲ. ಇಟ್ಟರೆ ಪೂರ್ತಿ, ತೆಗೆದರೆ ಪೂರ್ತಿ. ಸ್ನೇರ್ ಓರೆಯಾಗಿದ್ದರೆ ಜಾರುತ್ತದೆ, ಹಾಗಾಗಿ ಎರಡು ಕಡೆ ಸಣ್ಣ ಟೇಪು ಬೇಕು. ರಿಮ್ಮನ್ನೂ ಹೆಡ್ಡನ್ನೂ ಒಟ್ಟಿಗೆ ಬಡಿಯುವ ರಿಮ್‌ಶಾಟ್‌ನ ಚೂಪು ಕಡಿಮೆಯಾಗುತ್ತದೆ. ಟಾಮ್‌ಗಳಿಗೆ ನಾನು ರಿಂಗು ಹಾಕುವುದನ್ನು ಬಿಟ್ಟೇಬಿಟ್ಟಿದ್ದೇನೆ. ಟಾಮ್‌ಗೆ ಸ್ವರ ಬೇಕು, ರಿಂಗು ಅದನ್ನು ತಿಂದುಬಿಡುತ್ತದೆ.

ಜೆಲ್

ಅಂಟಂಟಾದ ಸಣ್ಣ ಮೆತ್ತನೆಯ ತುಂಡುಗಳು. ಮೂನ್‌ಜೆಲ್ ಅನ್ನುವ ನೀಲಿ ತುಂಡುಗಳು ಎಲ್ಲರಿಗೂ ಗೊತ್ತು. ಈಗ ಅದೇ ಥರದ್ದು ಬೇರೆ ಬೇರೆ ಹೆಸರಲ್ಲಿ ಅಗ್ಗಕ್ಕೂ ಸಿಗುತ್ತದೆ. ಗೋಂದು ಬೇಡ, ಗುರುತು ಉಳಿಯುವುದಿಲ್ಲ, ಹಾಡಿನ ನಡುವೆಯೇ ಒಂದು ಇಂಚು ಆಚೆ ಸರಿಸಬಹುದು. ಒಂದು ತುಂಡನ್ನು ಕತ್ತರಿಯಿಂದ ಅರ್ಧ ಮಾಡಿದರೆ ಇನ್ನೂ ಒಳ್ಳೆಯದು. ಎಷ್ಟೋ ಸಲ ಅರ್ಧವೇ ಸಾಕು. ಮೊದಲು ಅರ್ಧ ತುಂಡನ್ನು ಒಂದು ಲಗ್‌ನ ಎದುರಿಗೆ, ರಿಮ್‌ಗೆ ಅಂಟಿದ ಹಾಗೆ ಇಡಿ. ಬಾರಿಸಿ. ಸಾಲದಿದ್ದರೆ ಅರ್ಧ ಇಂಚು ಒಳಗೆ ತನ್ನಿ. ಅದೂ ಸಾಲದಿದ್ದರೆ ಮಾತ್ರ ಇನ್ನೊಂದು ತುಂಡು. ರವೆ ಮೆತ್ತುವವರ ಚಿಟಿಕೆಯ ಲೆಕ್ಕ ಇಲ್ಲಿ ಮಾತ್ರ ಪೂರ್ತಿ ಸಾಧ್ಯ. ಟೇಪಿಗಿಂತ, ರಿಂಗಿಗಿಂತ ಜೆಲ್ಲನ್ನು ನಾನು ಮೇಲಿಡುವುದು ಇದಕ್ಕೇ.

ದುಡ್ಡಿನ ಲೆಕ್ಕದಲ್ಲಿ ಟಿಶ್ಯೂ-ಟೇಪಿಗಿಂತ ದುಬಾರಿ, ಹೊಸ ಹೆಡ್ಡಿಗಿಂತ ತುಂಬಾ ಅಗ್ಗ. ಕಳೆದುಹೋಗುವುದು ಜಾಸ್ತಿ, ಹಾಗಾಗಿ ಡಬ್ಬಿಯಲ್ಲೇ ಇಡಿ.

ಬಟ್ಟೆ ಹೊದಿಸುವುದರ ಬಗ್ಗೆ ಎರಡೇ ಮಾತು. ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಆ ತಂಡದ ಕೊನೆಯ ವರ್ಷಗಳ ರೆಕಾರ್ಡಿಂಗ್‌ನಲ್ಲಿ ಟಾಮ್‌ಗಳ ಮೇಲೆ ತೆಳು ಬಟ್ಟೆ ಹಾಸುತ್ತಿದ್ದರು. ಆ ‘ದುಬ್ ದುಬ್’ ಚೆಂದವೇ. ಆದರೆ ಅದು ಮೈಕ್ ಮೂಗಿನ ತುದಿಯಲ್ಲಿರುವ ಸ್ಟುಡಿಯೋದ ಮಾತು. ಛತ್ರದ ಸ್ಟೇಜಿನಲ್ಲಿ ಅದು ಜನರನ್ನು ತಲುಪುವುದೇ ಇಲ್ಲ. ಹಳೆಯ ಸ್ನೇರ್‌ಗಳ ಪಕ್ಕದಲ್ಲಿರುವ ತಿರುಪು, ಅಂದರೆ ಒಳಗಿನಿಂದ ಫೆಲ್ಟ್ ತುಂಡನ್ನು ಹೆಡ್ಡಿಗೆ ಒತ್ತುವ ಉಪಾಯ, ತುರ್ತಿಗೆ ಪರವಾಗಿಲ್ಲ. ಅದು ಕೆಳಗಿನಿಂದ ಒತ್ತುತ್ತದೆ. ಹೆಡ್ ಕೆಳಗಿಳಿಯಬೇಕಾದ ಹೊತ್ತಿಗೇ ಅಡ್ಡ ನಿಂತ ಹಾಗೆ. ಸಡಿಲವಾದರೆ ಅದೇ ಒಂದು ಗಲಾಟೆ.

ಡ್ಯಾಂಪಿಂಗ್ ಒಳಗೇ ಇರುವ ಹೆಡ್

ರೆಮೋ ಕಂಪನಿಯ ಪಿನ್‌ಸ್ಟ್ರೈಪ್ ಹೆಡ್ಡಿನಲ್ಲಿ ಎರಡು ಪದರ ಇದೆ, ಅಂಚಿನ ಹತ್ತಿರ ಎರಡರ ನಡುವೆ ಅಂಟು ಇದೆ. ಇವಾನ್ಸ್ ಕಂಪನಿಯ ಹೈಡ್ರಾಲಿಕ್‌ನಲ್ಲಿ ಎರಡು ಪದರಗಳ ನಡುವೆ ತೆಳುವಾದ ಎಣ್ಣೆ ಇದೆ. ಇವೆಲ್ಲಾ ಹಾಕಿದ ದಿನದಿಂದಲೇ ಮೇಲುಸ್ವರಗಳನ್ನು ಹಿಡಿದಿಡುತ್ತವೆ. ಟ್ಯೂನಿಂಗ್ ಅಷ್ಟು ಪಕ್ಕಾ ಇಲ್ಲದಿದ್ದರೂ ತಪ್ಪು ಮುಚ್ಚಿಹೋಗುತ್ತದೆ. ಜೋರಾಗಿ ಬಾರಿಸುವವರಿಗೆ ಬಾಳಿಕೆಯೂ ಹೆಚ್ಚು.

ಇವುಗಳ ಎದುರಿಗೆ ರೆಮೋ ಅಂಬಾಸಿಡರ್‌ನಂಥ ಒಂದೇ ಪದರದ ಹೆಡ್ ಇಟ್ಟು ನೋಡಿ. ಅದು ಮೆಲ್ಲಗೆ ಮುಟ್ಟಿದರೂ ಮಾತಾಡುತ್ತದೆ. ಹೈಡ್ರಾಲಿಕ್ ಮೆಲ್ಲಗೆ ಮುಟ್ಟಿದರೆ ಸುಮ್ನೆ ಇರುತ್ತದೆ, ಹೊಡೆದರೆ ಮಾತ್ರ ಬಾಯಿಬಿಡುತ್ತದೆ. ಒಂದೇ ಪದರದ ಹೆಡ್ಡಿಗೆ ಜೆಲ್ ಹಚ್ಚಿ ಪಿನ್‌ಸ್ಟ್ರೈಪ್ ಹತ್ತಿರಕ್ಕೆ ತರಬಹುದು. ಪಿನ್‌ಸ್ಟ್ರೈಪ್‌ನಿಂದ ಅಂಟನ್ನು ತೆಗೆಯೋಕೆ ಆಗಲ್ಲ. ನನ್ನ ಸ್ನೇರ್‌ನಲ್ಲಿ ಯಾವಾಗಲೂ ಬಿಳಿ ಲೇಪನದ ಒಂದೇ ಪದರದ ಹೆಡ್. ಟಾಮ್‌ಗಳಿಗೆ ಅಂಟಿಲ್ಲದ ಎರಡು ಪದರದ್ದು, ರೆಮೋ ಎಂಪರರ್ ಥರದ್ದು. ಅದು ಸ್ವಲ್ಪ ಬೇಗ ತಣಿಯುತ್ತದೆ, ಆದರೆ ಉಸಿರು ಕಟ್ಟುವುದಿಲ್ಲ. ವರ್ಷವಿಡೀ ಛತ್ರಗಳಲ್ಲೇ ನುಡಿಸುವ ಸ್ನೇಹಿತರಿಗೆ ಟಾಮ್ ಮೇಲೆ ಪಿನ್‌ಸ್ಟ್ರೈಪ್ ಹಾಕಿ ಅಂತಲೇ ಹೇಳುತ್ತೇನೆ. ಅವರಿಗೆ ಬಯಲಿನ ಚಿಂತೆ ಇಲ್ಲ, ಅಲ್ವಾ?

ಕಿಕ್ ಬೇರೆಯೇ ಲೆಕ್ಕ

20, 22 ಇಂಚಿನ ಡ್ರಮ್ಮಿಗೆ ಜೆಲ್ ಸಾಲದು. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಅಂದರೆ ತುಂಬುವುದು. ಹಳೆಯ ರಗ್ಗು, ಕಂಬಳಿ, ಎರಡೆರಡು ತಲೆದಿಂಬು. ಡ್ರಮ್ಮಿನ ಒಳಗೆ ಗಾಳಿಗೇ ಜಾಗ ಇಲ್ಲದಿದ್ದರೆ ಕೆಳದನಿ ಎಲ್ಲಿಂದ ಬರಬೇಕು?

ಒಂದೇ ಒಂದು ಸಣ್ಣ ದಿಂಬು ಸಾಕು, ಮಗುವಿನ ತೊಟ್ಟಿಲಿನ ದಿಂಬಿನಷ್ಟು. ಅದು ಪೆಡಲ್ ಬಡಿಯುವ ಹೆಡ್ಡಿನ ಕೆಳಭಾಗಕ್ಕೆ ಸುಮ್ಮನೆ ಒರಗಿರಲಿ. ಎಷ್ಟು ದಿಂಬು ಇದೆ ಅನ್ನೋದಕ್ಕಿಂತ ಎಷ್ಟು ಭಾಗ ಹೆಡ್ಡಿಗೆ ತಾಗಿದೆ ಅನ್ನೋದೇ ದನಿಯನ್ನು ತೀರ್ಮಾನಿಸುತ್ತದೆ. ನಾಲ್ಕು ಬೆರಳಗಲ ತಾಗಿಸಿ ಕೇಳಿ, ಆಮೇಲೆ ಎಂಟು ಬೆರಳಗಲ ತಾಗಿಸಿ ಕೇಳಿ. ಗಾಡಿಯಲ್ಲಿ ಬರುವಾಗ ದಿಂಬು ಜಾರಿರುತ್ತದೆ. ಪ್ರತಿ ಸಲ ಸರಿಪಡಿಸಬೇಕು, ಅದೊಂದು ಕಿರಿಕಿರಿ.

ಫೆಲ್ಟ್ ಪಟ್ಟಿ ಹಳೆಯ ಉಪಾಯ. ಹೆಡ್ ಹಾಕುವಾಗಲೇ ಅದರ ಕೆಳಗೆ ಎರಡು ಮೂರು ಇಂಚು ಅಗಲದ ಪಟ್ಟಿಯನ್ನು ಅಡ್ಡಲಾಗಿ ಎಳೆದು ಕೂರಿಸುತ್ತಾರೆ. ದನಿ ದುಂಡಗೆ, ಹಳೆ ಕಾಲದ ಥರ ಇರುತ್ತದೆ. ಒಮ್ಮೆ ಕೂರಿಸಿದರೆ ಜಾರುವುದಿಲ್ಲ. ಆದರೆ ಬದಲಿಸಬೇಕಾದರೆ ಹೆಡ್ಡನ್ನೇ ಬಿಚ್ಚಬೇಕು.

ಇವಾನ್ಸ್ ಇಮ್ಯಾಡ್ ಹೆಡ್ಡಿನ ಜಾಣತನ ನನಗೆ ಬಹಳ ಇಷ್ಟ. ಫೋಮ್ ಬಳೆ ಹೆಡ್ಡಿನ ಹೊರಗಡೆ ಕೂರುತ್ತದೆ. ಅಗಲ ಬೇರೆ ಬೇರೆ ಇರುವ ಎರಡು ಬಳೆ ಜೊತೆಗೇ ಬರುತ್ತದೆ. ಡ್ರಮ್ ಬಿಚ್ಚದೆ ಒಂದನ್ನು ಕಿತ್ತು ಇನ್ನೊಂದನ್ನು ಹಾಕಬಹುದು, ಎರಡನ್ನೂ ತೆಗೆದೂ ನುಡಿಸಬಹುದು. ರೆಮೋ ಪವರ್‌ಸ್ಟ್ರೋಕ್ 3ರಲ್ಲಿ ತೆಳುವಾದ ಬಳೆ ಹೆಡ್ಡಿನ ಒಳಗಡೆ ಅಂಟಿರುತ್ತದೆ, ತೆಗೆಯಲಾಗದು. ಆದರೆ ಅದರ ಒತ್ತು ಹಗುರ, ದನಿಯೂ ತೆರೆದಂತಿರುತ್ತದೆ. ಮೈಕ್ ಇಲ್ಲದೆ ನುಡಿಸುವುದೇ ಹೆಚ್ಚಾದರೆ ಪವರ್‌ಸ್ಟ್ರೋಕ್, ಮೈಕ್ ಇಟ್ಟೇ ನುಡಿಸುವುದಾದರೆ ಇಮ್ಯಾಡ್ ಅನ್ನೋದು ನನ್ನ ಅಭಿಪ್ರಾಯ. ಎರಡೂ ಬೇಡ, ಇರುವ ಹೆಡ್ಡೇ ಸಾಕು ಅನ್ನುವವರಿಗೆ ಆ ಸಣ್ಣ ದಿಂಬು ಏನೂ ಕಡಿಮೆಯಲ್ಲ. 1966ರಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಜೆಫ್ ಎಮೆರಿಕ್ ಅನ್ನುವ ಇಂಜಿನಿಯರ್ ರಿಂಗೋ ಅವರ ಬೇಸ್ ಡ್ರಮ್ ಒಳಗೆ ತುರುಕಿದ್ದು ಒಂದು ಉಣ್ಣೆ ಸ್ವೆಟರ್. ಆ ದನಿಯನ್ನು ಇವತ್ತಿಗೂ ಜನ ಹುಡುಕುತ್ತಿದ್ದಾರೆ.

ಎಲ್ಲಿ ಏನು

ಮೊದಲ ಪ್ರಶ್ನೆ: ಡ್ರಮ್ಮಿಗೆ ಮೈಕ್ ಇದೆಯಾ? ಸ್ಟೂಲ್ ಮೇಲೆ ಕೂತ ನಮ್ಮ ಕಿವಿಗೆ ಹೆಡ್ ಎರಡು ಮೂರು ಅಡಿ ದೂರ. ಅಲ್ಲಿ ಕೇಳುವ ‘ಟಂಯ್’ ಇಪ್ಪತ್ತು ಅಡಿ ಆಚೆ ಇರುವುದಿಲ್ಲ. ಕೀಬೋರ್ಡು, ಗಿಟಾರು, ಹಾಡು ಅದನ್ನು ಮುಚ್ಚಿಬಿಡುತ್ತವೆ. ನಮಗೆ ಸ್ವಲ್ಪ ಜಾಸ್ತಿ ಅನ್ನಿಸಿದ ಮೊಳಗು ಕೂತವರಿಗೆ ತುಂಬಿದ ದನಿಯಾಗಿ ಕೇಳುತ್ತದೆ. ಮೈಕ್ ಹೆಡ್ಡಿನಿಂದ ಎರಡು ಇಂಚು ದೂರದಲ್ಲಿದ್ದರೆ ಮಾತ್ರ ಎಲ್ಲವನ್ನೂ ಎತ್ತಿ ಸ್ಪೀಕರ್‌ಗೆ ಕೊಡುತ್ತದೆ. ಹಾಗಾಗಿ ಸೌಂಡ್ ಚೆಕ್ ಹೊತ್ತಿಗೆ ಬೇರೆ ಯಾರಿಗಾದರೂ ಕಡ್ಡಿ ಕೊಟ್ಟು ಬಾರಿಸಲು ಹೇಳಿ, ನೀವು ಕುರ್ಚಿಗಳ ನಡುವೆ ಹೋಗಿ ನಿಂತು ಕೇಳಿ. ಇದನ್ನು ಮಾಡದೆ ಹಚ್ಚಿದ ಜೆಲ್ ಎಲ್ಲಾ ಅಂದಾಜಿನದು.

ಛತ್ರಕ್ಕೆ ಬರೋಣ. ಅಲ್ಲಿ ಎಳೆಯುವುದು ಡ್ರಮ್ ಮಾತ್ರ ಅಲ್ಲ, ಕಟ್ಟಡವೂ ಎಳೆಯುತ್ತದೆ. ಡ್ರಮ್ಮನ್ನು ಪೂರ್ತಿ ಒಣಗಿಸಿದರೂ ಗೋಡೆಗಳ ಪ್ರತಿಧ್ವನಿ ಹಾಗೇ ಇರುತ್ತದೆ. ಟವೆಲ್ ಹಾಕಿದ ದಿನ ನನಗೆ ಗೊತ್ತಿರದಿದ್ದದ್ದು ಇದು. ಈಗ ಫ್ಲೋರ್ ಟಾಮ್‌ಗೆ ಒಂದು ಪೂರ್ತಿ ಜೆಲ್, ಉಳಿದ ಟಾಮ್‌ಗಳಿಗೆ ಅರ್ಧರ್ಧ, ಸ್ನೇರ್‌ಗೆ ಬಾಗಿಲು-ಟಿಶ್ಯೂ, ಕಿಕ್‌ಗೆ ದಿಂಬು. ಸೆಟ್ ಕೆಳಗೆ ದಪ್ಪ ಜಮಖಾನ. ಹಿಂದಿನ ಗೋಡೆಗೆ ಡೆಕೋರೇಷನ್‌ನವರ ಬಟ್ಟೆ ಇದ್ದರೆ ಅದರ ಮುಂದೆಯೇ ಕೂರುತ್ತೇನೆ. ಇಷ್ಟು ಮಾಡಿದರೆ ತಬಲಾದ ಡಗ್ಗಾ, ಢೋಲಕ್‌ನ ಎಡಗೈ ಎರಡೂ ಕೇಳುತ್ತವೆ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಡ್ಯಾಂಪಿಂಗ್ ಬೇಕಾಗುವುದೇ ಮುಖ್ಯವಾಗಿ ಇದಕ್ಕೆ. ಪಕ್ಕದವರ ಕೆಳದನಿಗೆ ಜಾಗ ಬಿಡಬೇಕು.

ಊರಹಬ್ಬದ ಬಯಲಲ್ಲಿ ಎಲ್ಲಾ ಉಲ್ಟಾ. ಗೋಡೆ ಇಲ್ಲ, ಚಾವಣಿ ಇಲ್ಲ, ದನಿ ಹೋದದ್ದು ತಿರುಗಿ ಬರುವುದಿಲ್ಲ. ಡ್ರಮ್ ತೆಳ್ಳಗೆ ಕೇಳುತ್ತದೆ. ಅಲ್ಲಿ ಎಲ್ಲವನ್ನೂ ಕಿತ್ತುಬಿಡಿ. ಛತ್ರದಲ್ಲಿ ಕಾಡಿದ ಅದೇ ಬಾಲ ಬಯಲಲ್ಲಿ ಡ್ರಮ್ಮಿಗೆ ಮೈ ಕೊಡುತ್ತದೆ. ಡ್ಯಾಂಪಿಂಗ್ ಅಂಟಿಕೊಂಡೇ ಇರುವ ಹೆಡ್ ಹಾಕಿದವರು ಪೇಚಾಡುವುದು ಇಲ್ಲೇ. ಯುವ ದಸರಾದಂಥ ದೊಡ್ಡ ವೇದಿಕೆಯೂ ಬಯಲೇ, ಆದರೆ ಅಲ್ಲಿ ಪ್ರತಿ ಡ್ರಮ್ಮಿಗೂ ಮೈಕ್ ಇರುತ್ತದೆ, ದೊಡ್ಡ ಸಬ್‌ವೂಫರ್‌ಗಳಿರುತ್ತವೆ. ಫ್ಲೋರ್ ಟಾಮ್ ಮತ್ತು ಕಿಕ್ ಎಳೆದರೆ ಇಡೀ ಮೈದಾನ ಗುಂಯ್‌ಗುಡುತ್ತದೆ. ಅವೆರಡಕ್ಕೆ ಮಾತ್ರ ಸ್ವಲ್ಪ ಹಚ್ಚಿ. ಸೌಂಡ್‌ನವರು ಮಿಕ್ಸರ್‌ನಲ್ಲಿ ಗೇಟ್ (ದನಿ ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಅದನ್ನು ಮುಚ್ಚುವ ಉಪಾಯ) ಹಾಕುತ್ತೇವೆ ಅಂದರೆ ಒಪ್ಪಿಕೊಳ್ಳಿ. ಟಾಮ್‌ಗಳಿಗೆ ಅದು ಜೆಲ್‌ಗಿಂತ ಅಚ್ಚುಕಟ್ಟು. ಸ್ನೇರ್‌ಗೆ ಮಾತ್ರ ಬೇಡ ಅಂತ ಕೇಳಿಕೊಳ್ಳಿ. ಮೆಲುಪೆಟ್ಟುಗಳನ್ನು ಗೇಟ್ ನುಂಗಿಬಿಡುತ್ತದೆ.

ಮೈಸೂರಿನ ಸೇಂಟ್ ಫಿಲೋಮಿನಾದಂಥ ಎತ್ತರದ ಚಾವಣಿಯ ಚರ್ಚುಗಳಲ್ಲಿ ಡ್ಯಾಂಪಿಂಗ್‌ಗಿಂತ ಕೈ ಮುಖ್ಯ. ದಪ್ಪ ಕಡ್ಡಿ ಬಿಟ್ಟು ಸಣ್ಣ ಕಡ್ಡಿಗಳ ಕಟ್ಟು ಹಿಡಿಯಿರಿ, ಅರ್ಧ ಬಲದಲ್ಲಿ ನುಡಿಸಿ. ಸ್ನೇರ್‌ಗೆ ರಿಂಗು ಇಟ್ಟರೆ ಚೆನ್ನಾಗಿ ಹೊಂದುತ್ತದೆ. ಮೆಲ್ಲಗೆ ನುಡಿಸುವಾಗ ಬಾಗಿಲು-ಟಿಶ್ಯೂ ನೆಗೆಯುವುದಿಲ್ಲ ಅಂತ ಆಗಲೇ ಹೇಳಿದೆ.

ಮನೆಯ ಅಭ್ಯಾಸಕ್ಕೆ, ಪಕ್ಕದ ಮನೆಯವರ ನಿದ್ದೆಗೆ ಇವು ಯಾವುವೂ ಸಾಲವು. ಅದಕ್ಕೆ ಜಾಲರಿ ಹೆಡ್ ಅಥವಾ ರಬ್ಬರ್ ಪ್ಯಾಡ್ ಬೇಕು.

ಜೆಲ್ ಕೊಂಡವರಿಗೆ ಕೊನೆಯದಾಗಿ ಒಂದು ಮಾತು. ಮಾರ್ಚ್, ಏಪ್ರಿಲ್ ಮದುವೆ ಸೀಸನ್‌ನಲ್ಲಿ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ. ಕರಗಿ ಮುದ್ದೆಯಾಗುತ್ತದೆ. ಹೆಡ್ಡಿನ ಮೇಲೂ ಅಂಟಿಸಿಕೊಂಡೇ ಬರಬೇಡಿ, ಕಾರ್ಯಕ್ರಮ ಮುಗಿದ ಕೂಡಲೇ ಕಿತ್ತಿಡಿ. ಧೂಳು ಹತ್ತಿ ಅಂಟು ಹೋದರೆ ಸೋಪಿನ ನೀರಲ್ಲಿ ಬೆರಳಿಂದ ಉಜ್ಜಿ ತೊಳೆದು, ಬಟ್ಟೆಯಿಂದ ಒರೆಸದೆ ನೆರಳಲ್ಲಿ ಒಣಗಿಸಿ. ಅಂಟು ಮತ್ತೆ ಬರುತ್ತದೆ. ಚಳಿಗಾಲದ ರಾತ್ರಿ ಬಯಲಲ್ಲಿ ಹೆಡ್ ಮೇಲೆ ಇಬ್ಬನಿ ಕೂತಿದ್ದರೆ ಮೊದಲು ಒರೆಸಿ, ಆಮೇಲೆ ಹಚ್ಚಿ.